ಅಪ್‌ಡೇಟ್: ಅಮ್ಮನ ಭಾವಗೀತೆ ಕೊನೆಗೂ ಗಿಟಾರ್‌ನಲ್ಲಿ ಬಂತು

ಎರಡು ತಿಂಗಳ ಹಿಂದೆ ಕೇಳಿದ್ದೆ: ಆನ್‌ಲೈನ್ ಪಾಠ ನೋಡಿ ಅಮ್ಮನ ಇಷ್ಟದ ಭಾವಗೀತೆ ಕಲಿಯುತ್ತಿದ್ದೇನೆ, ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ತಂತಿ ಬರೀ ಗರ್ ಅನ್ನುತ್ತದೆ, ಬಿಟ್ಟುಬಿಡಲಾ ಅಂತ. ಬಿಡಲಿಲ್ಲ.

ಕಾಪೋ (ಎಲ್ಲಾ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಹಾಡು ಇದ್ದದ್ದು ಎಫ್ ಶ್ರುತಿಯಲ್ಲಿ. ಎಫ್, ಬಿ ಫ್ಲಾಟ್ ಎರಡಕ್ಕೂ ತೋರುಬೆರಳು ಅಡ್ಡ ಒತ್ತಬೇಕು. ಕಾಪೋ ಒಂದೊಂದು ಫ್ರೆಟ್ (ಗಿಟಾರ್ ಕತ್ತಿನ ಅಡ್ಡಪಟ್ಟಿಯ ಮನೆ) ಮುಂದೆ ಹೋದಂತೆ ಶ್ರುತಿ ಅರ್ಧ ಸ್ವರ ಏರುತ್ತದೆ. ಮೂರನೇ ಫ್ರೆಟ್‌ಗೆ ಹಾಕಿ ಡಿ ಹಿಡಿದರೆ ಎಫ್, ಜಿ ಹಿಡಿದರೆ ಬಿ ಫ್ಲಾಟ್, ಎ ಹಿಡಿದರೆ ಸಿ. ಎಲ್ಲಾ ಸುಲಭದ ಕಾರ್ಡ್‌ಗಳೇ! ಅಮ್ಮನ ಶ್ರುತಿಯೂ ಬದಲಾಗಲಿಲ್ಲ.

ಆದರೆ ನಿಜವಾದ ತೊಡಕು ಲಯದಲ್ಲಿತ್ತು. ವಿಡಿಯೋದವರು ನಾಲ್ಕು ಎಣಿಕೆಯ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟುವ ರೀತಿ) ಹೇಳಿದ್ದರು. ನಮ್ಮ ಹಾಡು ದಾದ್ರಾ ತಾಳ, ಆರು ಮಾತ್ರೆ, ಅಂದರೆ ಆರು ಎಣಿಕೆ. ಎಷ್ಟು ಬಾರಿಸಿದರೂ ಪದಗಳು ಜಾರುತ್ತಿದ್ದವು. ಒಂದು ಸಂಜೆ ಅಮಾನಿಕೆರೆ ದಂಡೆಯಲ್ಲಿ ಕೂತು ಸುಮ್ನೆ ತೊಡೆ ತಟ್ಟುತ್ತಾ ಹಾಡಿಕೊಂಡೆ. ಆಗ ಹೊಳೆಯಿತು. ಒಂದನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು, ಉಳಿದವು ಮೆಲ್ಲಗೆ. ವಿಡಿಯೋ ವೇಗ 0.75ಕ್ಕೆ ಇಳಿಸಿ, ಕಾರ್ಡ್ ಬದಲಾವಣೆ ಮಾತ್ರ ದಿನಾ ಹದಿನೈದು ನಿಮಿಷ ಮಾಡಿದೆ.

ಬೆರಳ ತುದಿ ಈಗ ಗಟ್ಟಿಯಾಗಿದೆ, ನೋವಿಲ್ಲ.

ಹೋದ ಭಾನುವಾರ ತುಮಕೂರಿನ ನಮ್ಮ ಮನೆಯಲ್ಲಿ ನಾನು ನುಡಿಸಿದೆ, ಅಮ್ಮ ಹಾಡಿದರು. ಎರಡನೇ ಚರಣದಲ್ಲಿ ಜಿಯಿಂದ ಎಗೆ ಹೋಗುವಾಗ ತಡವಾಯಿತು. ಅಮ್ಮ ಆ ಪದವನ್ನೇ ಸ್ವಲ್ಪ ಎಳೆದು ನನಗಾಗಿ ಕಾದರು.