ಒಂದೇ ಪ್ರೋಟಾನ್ ಪಂಪ್ ಇಷ್ಟೊಂದು ಕೆಲಸ ಮಾಡುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. ವಿದ್ಯಾರ್ಥಿನಿ, ಗಂಗಾವತಿ

ಸಸ್ಯದ ಕೋಶಪೊರೆಯಲ್ಲಿರುವ ಪ್ರೋಟಾನ್ ಪಂಪ್ ಎಂಬ ಪ್ರೋಟೀನು, ಕೋಶಕ್ಕೆ ಶಕ್ತಿ ಒದಗಿಸುವ ಒಂದು ಎಟಿಪಿ ಅಣುವನ್ನು ಒಡೆದು ಒಂದು ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಹೊರಗೆ ತಳ್ಳುತ್ತದೆ ಎಂದು ಪಠ್ಯದಲ್ಲಿ ಓದಿದೆ. ಆದರೆ ಬೇರು ಪೋಷಕಾಂಶ ಹೀರುವಲ್ಲಿ, ಪತ್ರರಂಧ್ರ ತೆರೆಯುವಲ್ಲಿ, ಉಪ್ಪನ್ನು ಹೊರಹಾಕುವಲ್ಲಿ, ಹೀಗೆ ಅಧ್ಯಾಯದಿಂದ ಅಧ್ಯಾಯಕ್ಕೆ ಇದೇ ಪ್ರೋಟೀನಿನ ಹೆಸರು ಬರುತ್ತಿದೆ. ಇಷ್ಟು ಸರಳ ಕ್ರಿಯೆಯಿಂದ ಇಷ್ಟೊಂದು ಪಾತ್ರಗಳು ಹೇಗೆ ಸಾಧ್ಯ? ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ಸವಳಾದ ಭತ್ತದ ಗದ್ದೆಗಳನ್ನು ನೋಡುತ್ತ ಬೆಳೆದವಳಾದ್ದರಿಂದ ಉಪ್ಪಿನ ವಿಷಯವನ್ನು ವಿಶೇಷವಾಗಿ ತಿಳಿಯಬೇಕೆಂದಿದ್ದೇನೆ.

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕ, ರಾಯಚೂರು

ಪಂಪಿನ ಕ್ರಿಯೆ ಎಲ್ಲೆಡೆ ಒಂದೇ ಆಗಿದ್ದು, ಅದರ ಫಲವನ್ನು ಬಳಸಿಕೊಳ್ಳುವ ನೆರೆಯ ಪ್ರೋಟೀನುಗಳು ಮಾತ್ರ ಕೋಶದಿಂದ ಕೋಶಕ್ಕೆ ಬೇರೆಯಾಗುತ್ತವೆ. ಧನ ಆವೇಶದ ಪ್ರೋಟಾನುಗಳು ಹೊರಹೋದಂತೆಲ್ಲ ಕೋಶದ ಒಳಭಾಗವು ಸಾಮಾನ್ಯವಾಗಿ 120ರಿಂದ 180 ಮಿಲಿವೋಲ್ಟ್‌ನಷ್ಟು ಋಣವಾಗುತ್ತದೆ. ಒಳಗಿನ ಪಿಎಚ್ 7.5ರ ಆಸುಪಾಸಿನಲ್ಲಿದ್ದರೆ ಹೊರಗೆ 5.5ಕ್ಕೆ ಇಳಿಯುತ್ತದೆ. ಪೊಟ್ಯಾಸಿಯಂ ಈ ವೋಲ್ಟೇಜಿನ ಸೆಳೆತಕ್ಕೆ ಒಳಬರುತ್ತದೆ, ನೈಟ್ರೇಟ್ ಮತ್ತು ಫಾಸ್ಫೇಟ್ ಮರಳಿ ಬರುವ ಪ್ರೋಟಾನುಗಳ ಜೊತೆಗೂಡಿ ಬರುತ್ತವೆ.

ಪತ್ರರಂಧ್ರದ ಕಾವಲು ಕೋಶಗಳಲ್ಲಿ ನೀಲಿ ಬೆಳಕು ಪಂಪನ್ನು ಚುರುಕುಗೊಳಿಸಿದಾಗ ಪೊಟ್ಯಾಸಿಯಂ, ಅದರ ಹಿಂದೆಯೇ ನೀರು ಒಳನುಗ್ಗಿ ರಂಧ್ರ ತೆರೆದುಕೊಳ್ಳುತ್ತದೆ. ಫ್ಯೂಸಿಕಾಕ್ಸಿನ್ ಎಂಬ ಶಿಲೀಂಧ್ರ ವಿಷವು ಪಂಪ್ ನಿಲ್ಲದಂತೆ ಮಾಡುವುದರಿಂದ ರಂಧ್ರಗಳು ಮುಚ್ಚದೆ ಎಲೆಗಳು ಬಾಡುತ್ತವೆ ಎಂಬುದು ಈ ಪ್ರೋಟೀನಿನ ಪ್ರಭಾವಕ್ಕೆ ನನಗೆ ಅತ್ಯಂತ ಮನವರಿಕೆಯಾದ ಸಾಕ್ಷ್ಯ.

ಉಪ್ಪಿನ ವಿಷಯಕ್ಕೆ ಬಂದರೆ, ಎಸ್‌ಒಎಸ್1 ಎಂಬ ಇನ್ನೊಂದು ಪ್ರೋಟೀನು ಒಳಬರುವ ಪ್ರೋಟಾನಿಗೆ ಪ್ರತಿಯಾಗಿ ಸೋಡಿಯಂ ಅಯಾನನ್ನು ಹೊರಕಳಿಸುತ್ತದೆ. ಸವಳು ನೆಲದಲ್ಲಿ ಧನ ಆವೇಶದ ಸೋಡಿಯಂ ನುಗ್ಗುತ್ತಿದ್ದಂತೆ ಪೊರೆಯ ವೋಲ್ಟೇಜು ಕುಸಿದು ಪೊಟ್ಯಾಸಿಯಂ ಸೋರತೊಡಗುತ್ತದೆ. ಪಂಪ್ ವೋಲ್ಟೇಜನ್ನು ಹಿಡಿದು ನಿಲ್ಲಿಸಿ, ಸೋಡಿಯಂ ಹೊರಹಾಕಲು ಬೇಕಾದ ಪ್ರೋಟಾನುಗಳನ್ನೂ ಒದಗಿಸಬೇಕಾಗುತ್ತದೆ.

ಉತ್ತರ: ಕೃಷಿ ಪದವೀಧರ, ಕುಷ್ಟಗಿ

ಕಬ್ಬಿಣವನ್ನೂ ಸೇರಿಸಬೇಕು. ಶೇಂಗಾದ ಬೇರು ಇದೇ ಪಂಪಿನಿಂದ ಸುತ್ತಲ ಮಣ್ಣನ್ನು ಆಮ್ಲೀಯಗೊಳಿಸಿ, ಕರಗದೆ ಕುಳಿತ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಸುಣ್ಣ ಹೆಚ್ಚಿರುವ ಎರೆ ಭೂಮಿಯಲ್ಲಿ ಹೊರಬಂದ ಪ್ರೋಟಾನುಗಳನ್ನು ಸುಣ್ಣವೇ ತಟಸ್ಥಗೊಳಿಸುವುದರಿಂದ ಎಳೆಯ ಎಲೆಗಳು ಹಳದಿಯಾಗುತ್ತವೆ.

ಮರುಪ್ರಶ್ನೆ: ವಿದ್ಯಾರ್ಥಿನಿ, ಗಂಗಾವತಿ

ಹಾಗಾದರೆ ಭತ್ತದಲ್ಲಿ ಈ ಪಂಪಿನ ಪ್ರಮಾಣವನ್ನು ಹೆಚ್ಚಿಸಿದರೆ ಸವಳು ಗದ್ದೆಯಲ್ಲೂ ಇಳುವರಿ ಬಂದೀತೇ?

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕ, ರಾಯಚೂರು

2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಎಸ್‌ಎ1 ಎಂಬ ಪಂಪಿನ ಜೀನನ್ನು ಹೆಚ್ಚು ಸಕ್ರಿಯಗೊಳಿಸಿದ ಭತ್ತವು ಹೊಲದಲ್ಲಿ ಶೇ. 30ಕ್ಕೂ ಹೆಚ್ಚು ಅಧಿಕ ಇಳುವರಿ ಕೊಟ್ಟಿತು. ಆದರೆ ಆ ಪ್ರಯೋಗದ ಗುರಿ ಸಾರಜನಕದ ಹೀರಿಕೆ ಮತ್ತು ದ್ಯುತಿಸಂಶ್ಲೇಷಣೆಯಾಗಿತ್ತೇ ಹೊರತು ಲವಣ ಸಹಿಷ್ಣುತೆಯಲ್ಲ. ಭತ್ತದ ಸಹಿಷ್ಣುತೆಯಲ್ಲಿ ಎಚ್‌ಕೆಟಿ1;5 ಎಂಬ ಮತ್ತೊಂದು ಪೊರೆ ಪ್ರೋಟೀನಿಗೆ ದೊಡ್ಡ ಪಾತ್ರವಿದ್ದು, ಅದು ಜಲನಾಳದಲ್ಲಿ ಮೇಲೇರುವ ಸೋಡಿಯಂ ಅನ್ನು ಹಿಂತೆಗೆದು ಎಲೆಗಳನ್ನು ರಕ್ಷಿಸುತ್ತದೆ. ಪಂಪೊಂದನ್ನೇ ಹೆಚ್ಚಿಸಿದರೆ ಎಟಿಪಿಯ ವೆಚ್ಚವೂ ಏರುತ್ತದೆ. ಆದ್ದರಿಂದ ಪಂಪ್ ಮತ್ತು ಎಚ್‌ಕೆಟಿ1;5 ಎರಡನ್ನೂ ಒಟ್ಟಿಗೆ ಪರೀಕ್ಷಿಸುವುದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ.