ಚೀಟಿ ಎತ್ತಿ ಪ್ರಶ್ನೆ ಕೇಳೋದು ಸರಿಯಾ?

ವಿಜ್ಞಾನ ಮೇಷ್ಟ್ರು: ನಂದು ಒಂಬತ್ತನೇ ಕ್ಲಾಸು. ಏನೇ ಕೇಳಿದರೂ ಮುಂದಿನ ಬೆಂಚಿನ ಅದೇ ನಾಲ್ಕು ಕೈ ಮೇಲೇಳುತ್ತವೆ. ಅದಕ್ಕೆ ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ್ದೇನೆ. ಯಾರ ಚೀಟಿ ಬಂತೋ ಅವರು ಎದ್ದು ಉತ್ತರ ಹೇಳಬೇಕು. ಈಗ ಹಿಂದಿನ ಬೆಂಚಿನವರೂ ಪಾಠ ಕೇಳುತ್ತಾರೆ.

ಹಾಸನದ ತಾಯಿ: "ಎದ್ದು ಹೇಳಬೇಕು" ಅಂತೀರಲ್ಲ ಸಾರ್, ಅದೇ ತಪ್ಪು. ನನ್ನ ಮಗಳ ನೋಟ್‌ಬುಕ್ಕಿನ ಅಂಚಲ್ಲೆಲ್ಲ ಪೆನ್ಸಿಲಿನಲ್ಲಿ ಬರೆದ ಸರಿಯುತ್ತರಗಳಿವೆ. ಒಂದನ್ನೂ ಕ್ಲಾಸಲ್ಲಿ ಬಾಯಿಬಿಟ್ಟು ಹೇಳಿಲ್ಲ. ನಿಲ್ಲಿಸಿದರೆ ಅವಳ ಬಾಯಿ ಒಣಗುತ್ತೆ. ಇದು ಮಾನಸಿಕ ಕಿರುಕುಳ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ಓದಿ, ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದು ಅಂತಿದೆ.

ಲಾಯರ್ ಬಸವ: ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ಕ್ಲಾಸಿನವರೆಗಿನ ಕಲಿಕೆಗೆ. ಒಂಬತ್ತನೇ ಕ್ಲಾಸಿಗೆ ಎಳೆದು ತರಬೇಡಿ.

ಹಾಸನದ ತಾಯಿ: ಹಾಗಾದರೆ ಎಂಟು ದಾಟಿದ ಮಕ್ಕಳಿಗೆ ಅವಮಾನವೇ ಆಗಲ್ವಾ?

ಲಾಯರ್ ಬಸವ: ಆಗಲ್ಲ ಅಂತ ನಾನೆಲ್ಲಿ ಹೇಳಿದೆ? ತಪ್ಪು ಸೆಕ್ಷನ್ ತೋರಿಸಿ ಮೇಷ್ಟ್ರನ್ನು ಹೆದರಿಸಬೇಡಿ ಅಂದೆ, ಅಷ್ಟೇ.

ಬಿ.ಎಡ್. ಮೇಡಂ: ಕಾನೂನು ಆಮೇಲೆ ನೋಡೋಣ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ, ಸುಮ್ಮನಿರೋ ಮಕ್ಕಳು ಕಡಿಮೆಯಾಗುತ್ತಾರೆ. ಮೊದಲು ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ ಎಲ್ಲರ ಮುಂದೆ ಕೇಳಿ.

ವಿಜ್ಞಾನ ಮೇಷ್ಟ್ರು: "ಅಮೆರಿಕ" ಅಂದ್ರಲ್ಲ ಮೇಡಂ, ಅಲ್ಲೇ ಬಂತು ನೋಡಿ. ಅಲ್ಲಿನ ಕ್ಲಾಸೂ ನಮ್ಮ ಕ್ಲಾಸೂ ಒಂದೇನಾ? ಪಕ್ಕದವರ ಜೊತೆ ಮಾತಾಡಿ ಅಂದರೆ ಕ್ರಿಕೆಟ್ ಸ್ಕೋರ್ ಶುರುವಾಗುತ್ತೆ.

ಬಿ.ಎಡ್. ಮೇಡಂ: ಮೂರು ಸೆಕೆಂಡ್ ಕಾಯೋಕೆ ಅಮೆರಿಕ ಬೇಕಾ ಸಾರ್? ಚೀಟಿ ಎತ್ತೋಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ!

ಮಂಡ್ಯದ ಹುಡುಗ: ನಾನು ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಹೋದವನು. ಬಸ್ ಬ್ರೇಕ್ ಹಾಕಿದರೆ ಮುಂದಕ್ಕೆ ಯಾಕೆ ವಾಲುತ್ತೀವಿ ಅಂತ ಸಾರ್ ಕೇಳಿದ್ದರು. ಜಡತ್ವ ಅಂತ ಗೊತ್ತಿತ್ತು. 'ಇನರ್ಶಿಯಾ' ಬಾಯಿಗೆ ಬರಲಿಲ್ಲ, ಬಾಯಿ ಮುಚ್ಚಿಕೊಂಡೆ. ಕನ್ನಡದಲ್ಲೇ ಹೇಳು ಅಂದಿದ್ದರೆ ಹೇಳುತ್ತಿದ್ದೆ.

ಲಾಯರ್ ಬಸವ: ಮೀಡಿಯಂ ವಿಷಯ ಬೇರೆ. ತಾಯಿಯವರು ಸೆಕ್ಷನ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಹಾಸನದ ತಾಯಿ: ಕೊಡ್ತೀನಿ. ಒಂಬತ್ತನೇ ಕ್ಲಾಸಲ್ಲಿ ಹದಿಮೂರು, ಹದಿನಾಲ್ಕರ ಮಕ್ಕಳೂ ಇರುತ್ತಾರೆ. ಅವರು 6ರಿಂದ 14ರೊಳಗೇ ಬರ್ತಾರಲ್ವಾ?

ಲಾಯರ್ ಬಸವ: ವಯಸ್ಸೊಂದೇ ಸಾಕಾಗಲ್ಲ. ಕ್ಲಾಸೂ ನೋಡಬೇಕು.

ಹಾಸನದ ತಾಯಿ: ನೀವು ಕ್ಲಾಸ್ ನೋಡಿ, ನಾನು ಮಗು ನೋಡ್ತೀನಿ.

ವಿಜ್ಞಾನ ಮೇಷ್ಟ್ರು: ಡಬ್ಬಿ ತೆಗೆಯಲ್ಲ. ಕನ್ನಡದಲ್ಲಿ ಹೇಳಿದರೆ ಯಾವತ್ತೂ ಬೇಡ ಅಂದಿಲ್ಲ.

ಮಂಡ್ಯದ ಹುಡುಗ: ಬೇಡ ಅನ್ನದೇ ಇದ್ದರೆ ಸಾಲದು ಸಾರ್. ಪ್ರಶ್ನೆ ಕೇಳುವಾಗಲೇ ಹೇಳಿ, ಯಾವ ಭಾಷೆಯಾದರೂ ಸರಿ ಅಂತ.