ಓದುಗರ ಸ್ಪಂದನ: ಪಿಎಚ್.ಡಿ.ಗೆ ಮತ್ತೆ ಅರ್ಜಿ ಹಾಕಲೇ, ಬೇಡವೇ?

ಕಳೆದ ಸಂಚಿಕೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ತಮ್ಮ ಗೊಂದಲ ತೋಡಿಕೊಂಡಿದ್ದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದಿದೆ, ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಆಸೆ. ಸಂಶೋಧನಾ ಸಂಸ್ಥೆಗಳ ಪಿಎಚ್.ಡಿ. ಪ್ರವೇಶಕ್ಕೆ ನಡೆಯುವ ಜೆಸ್ಟ್ ಪರೀಕ್ಷೆ ಬರೆದರು, ಒಂದು ಸಂಸ್ಥೆಯಿಂದ ಸಂದರ್ಶನಕ್ಕೆ ಕರೆಯೂ ಬಂತು. ಅಲ್ಲಿ ಭೂಮಿಯ ತಾಪಮಾನವನ್ನು ಅಂದಾಜು ಮಾಡಿ ಎಂದಾಗ ಇಂಗ್ಲಿಷಿನಲ್ಲಿ ಮಾತೇ ಹೊರಡಲಿಲ್ಲ, ಆಯ್ಕೆಯಾಗಲಿಲ್ಲ. ತಂದೆ ಬಿ.ಎಡ್. ಸೇರು ಅನ್ನುತ್ತಿದ್ದಾರೆ. ಇನ್ನೊಂದು ವರ್ಷ ಓದಿ ಮತ್ತೆ ಅರ್ಜಿ ಹಾಕಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಭೂಮಿಯ ತಾಪಮಾನ ಲೆಕ್ಕ ಹಾಕಲು ಇಂಗ್ಲಿಷ್ ಯಾಕೆ ಬೇಕು? ಸೀಮೆಸುಣ್ಣ ಸಾಕು. ತಪ್ಪನ್ನು ಇಂಗ್ಲಿಷಿನ ಮೇಲೆ ಹೊರಿಸುವುದು ಬಿಟ್ಟು ಬಿ.ಎಸ್ಸಿ. ಪುಸ್ತಕ ತೆಗೆಯಿರಿ.
— ಓದುಗ, ಮೈಸೂರು

*

ಮಾತು ತುಸು ಖಾರವಾಯಿತು. ಅದೇ ಪ್ರಶ್ನೆ ಹಿಡಿದು ಪುಣೆಯ ಸಂಶೋಧನಾ ವಿದ್ಯಾರ್ಥಿಯೊಬ್ಬರು ಬರೆದದ್ದನ್ನೂ ಜೊತೆಗೇ ಓದಬೇಕು.

*

ನನ್ನದೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ತುಮಕೂರು ಕಡೆಯ ಹಳ್ಳಿ. ಸಂದರ್ಶನ ಮಾಡಲು ಕೂತವರಿಗೆ ಉತ್ತರದ ಅಂಕಿಗಿಂತ ನೀವು ಎಲ್ಲಿಂದ ಶುರು ಮಾಡುತ್ತೀರಿ ಅನ್ನೋದು ಮುಖ್ಯ. ಭೂಮಿಯಷ್ಟು ದೂರದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 1361 ವಾಟ್. ಭೂಮಿ ಅದನ್ನು ಹಿಡಿಯುವುದು ಒಂದು ವೃತ್ತದಷ್ಟು ಅಗಲದಲ್ಲಿ, ಹೊರಸೂಸುವುದು ಇಡೀ ಗೋಳದಿಂದ. ಗೋಳದ ಮೇಲ್ಮೈ ವೃತ್ತದ ನಾಲ್ಕು ಪಟ್ಟು. ಹಾಗಾಗಿ ನಾಲ್ಕರಿಂದ ಭಾಗಿಸಿ, ಬಿಸಿ ವಸ್ತು ಎಷ್ಟು ಶಕ್ತಿ ಸೂಸುತ್ತೆ ಅಂತ ಹೇಳುವ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮಕ್ಕೆ ಹಾಕಿದರೆ 278 ಕೆಲ್ವಿನ್ ಬರುತ್ತೆ. ಆಗ 'ಮೋಡ, ಹಿಮ ಬೆಳಕನ್ನು ವಾಪಸ್ ಕಳಿಸುತ್ತಲ್ಲ?' ಅಂತ ಕೇಳುತ್ತಾರೆ. ಬಿಸಿಲಿನಲ್ಲಿ ಶೇ. 30 ಕಳೆದು ಮತ್ತೆ ಲೆಕ್ಕ ಹಾಕಿದರೆ 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ನಿಜವಾದ ಸರಾಸರಿ 15ರ ಆಸುಪಾಸು ಇದೆಯಲ್ಲ, ಯಾಕೆ? ಇಲ್ಲಿ ವಾತಾವರಣದ ಮಾತು ಬರುತ್ತೆ, ಸಂದರ್ಶನ ಶುರುವಾಗೋದೇ ಇಲ್ಲಿಂದ. ಇದಕ್ಕೆ ಬೇಕಾದ ಇಂಗ್ಲಿಷ್ ಪದಗಳನ್ನು ನೀವು ಎಂ.ಎಸ್ಸಿ. ಪರೀಕ್ಷೆಯಲ್ಲಿ ಬರೆದೇ ಬಂದಿದ್ದೀರಿ. ಈಗ ಬೋರ್ಡಿನ ಮುಂದೆ ನಿಂತು ಬಾಯಲ್ಲಿ ಹೇಳುತ್ತಾ ಬರೆಯುವ ಅಭ್ಯಾಸ ಮಾಡಿ, ಎದುರಿಗೆ ತಮ್ಮನನ್ನೋ ಗೆಳತಿಯನ್ನೋ ಕೂರಿಸಿಕೊಳ್ಳಿ.

ನಿಮಗೆ ಒಂದೇ ಕಡೆಯಿಂದ ಕರೆ ಬಂದದ್ದು ಯಾಕೆ ಅಂತ ಯೋಚಿಸಿದ್ದೀರಾ? ಜೆಸ್ಟ್ ಬರೆದರೆ ಎಲ್ಲರೂ ತಾವಾಗೇ ಕರೆಯುತ್ತಾರೆ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪ್ರತಿ ಸಂಸ್ಥೆಗೂ ಬೇರೆ ಅರ್ಜಿ, ಬೇರೆ ಕೊನೇ ದಿನಾಂಕ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿಯ ಜಂಟಿ ಖಗೋಳ ಕಾರ್ಯಕ್ರಮ, ಪುಣೆಯ ಅಯೂಕಾ ಮತ್ತು ಎನ್‌ಸಿಆರ್‌ಎ, ನೈನಿತಾಲಿನ ಏರೀಸ್, ಅಹಮದಾಬಾದಿನ ಪಿಆರ್‌ಎಲ್, ಯಾವುದನ್ನೂ ಬಿಡಬೇಡಿ. ಜೆಸ್ಟ್ ರ‍್ಯಾಂಕ್ ಒಂದೇ ವರ್ಷಕ್ಕೆ, ಮತ್ತೆ ಬರೆಯಲೇಬೇಕು. ಸಿಎಸ್‌ಐಆರ್-ನೆಟ್, ಗೇಟ್ ಪರೀಕ್ಷೆಗಳನ್ನೂ ಬರೆಯಿರಿ.
— ಸಂಶೋಧನಾ ವಿದ್ಯಾರ್ಥಿ, ಪುಣೆ

*

ಪಿಎಚ್.ಡಿ. ಮುಗಿಸುವ ಹೊತ್ತಿಗೆ ಮೂವತ್ತು ದಾಟುತ್ತೀರಿ, ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆ ಹಿಡಿದು ಊರೂರು ಅಲೆಯಬೇಕು. ಪೈಥಾನ್, ಸ್ಟ್ಯಾಟಿಸ್ಟಿಕ್ಸ್ ಕಲಿತು ಡೇಟಾ ಅನಲಿಟಿಕ್ಸ್ ಕಡೆ ಬನ್ನಿ. ನಕ್ಷತ್ರ ನೋಡಲು ರಜಾದಿನ ಇದ್ದೇ ಇರುತ್ತೆ.
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

*

ನಮ್ಮ ಓದುಗರು ಕೇಳಿದ್ದು ಇದನ್ನಲ್ಲ. ಆದರೂ ಪೈಥಾನ್ ಕಲಿಯುವ ಸಲಹೆ ಒಳ್ಳೆಯದೇ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಖಗೋಳ ವೀಕ್ಷಣಾ ಉಪಗ್ರಹದ ದತ್ತಾಂಶ ಇಸ್ರೋ ಭಂಡಾರದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಕಾಯುವ ಒಂದು ವರ್ಷದಲ್ಲಿ ಅದರ ಮೇಲೆ ಕೈಪಳಗಿಸಬಹುದು.

*

ಯವ್ವಾ, ಇದು ಬರೇ ಓದೂದಲ್ಲ, ತಿಂಗಳಾ ರೊಕ್ಕ ಬರೂ ಕೆಲಸ ಅಂತ ನಿಮ್ಮ ಅಪ್ಪಾರಿಗೆ ಯಾರೂ ಹೇಳಿಲ್ಲ ಅಂತ ಕಾಣಸ್ತದ. ನನ್ನ ಮಗ ಹೊಂಟಾಗ ನನಗೂ ಹಂಗ ಅನಿಸಿತ್ತು, ಇನ್ನೂ ಎಷ್ಟು ವರ್ಷ ಫೀ ಕಟ್ಟೂದು ಅಂತ. 2023ರಿಂದ ಜೆಆರ್‌ಎಫ್ ಅನ್ನೂ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮ್ಯಾಲೆ 42,000. ಹಾಸ್ಟೆಲ್ ಸಿಗದಿದ್ರ ಮನಿ ಬಾಡಿಗಿ ಭತ್ಯೆ ಬ್ಯಾರೆ. ಈ ಕಾಗದ ಅಪ್ಪಾರ ಕೈಯಾಗ ಕೊಡ್ರಿ, ನಾನೂ ಒಬ್ಬ ಅಪ್ಪನ ಇದ್ದೀನಿ.
— ರೈತ, ಬಾಗಲಕೋಟೆ

*

ಹಾಸನದಿಂದ ಬಂದ ಮುಂದಿನ ಪತ್ರ ಪ್ರಶ್ನೆಗೆ ನೇರ ಉತ್ತರವಲ್ಲ. ಆದರೂ ಹೆಚ್ಚೇನೂ ಕತ್ತರಿಸದೆ ಕೊಟ್ಟಿದ್ದೇವೆ. ಇದನ್ನು ಹೆದರಿಕೆಯಾಗಿ ಅಲ್ಲ, ಮುನ್ನೆಚ್ಚರಿಕೆಯಾಗಿ ಓದಬೇಕೆಂದು ಕೋರಿಕೆ.

*

ತಂಗಿ, ಸೀಟು ಸಿಗುತ್ತೋ ಇಲ್ಲವೋ ಅನ್ನುವ ಚಿಂತೆ ನಿಮಗೆ. ಸಿಕ್ಕಮೇಲೆ ಏನು ಅಂತ ನಾನು ಬರೆಯಬೇಕು.

ನನಗೆ ಸೀಟು ಸಿಕ್ಕಿತ್ತು. ಊರಲ್ಲಿ ಅಪ್ಪ ಸಿಹಿ ಹಂಚಿದ್ದರು. ಜೋಡಿ ನಕ್ಷತ್ರಗಳ ರೋಹಿತಗಳನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಚಿತ್ರಗಳನ್ನು, ಶುದ್ಧೀಕರಿಸುವ ಕೆಲಸ ನನ್ನದು. ಕಚ್ಚಾ ಚಿತ್ರದಿಂದ ಪತ್ತೆಕದ (ಡಿಟೆಕ್ಟರ್) ಗದ್ದಲ ಕಳೆಯಬೇಕು, ಕಾಸ್ಮಿಕ್ ಕಿರಣ ಬಿದ್ದ ಚುಕ್ಕೆಗಳನ್ನು ತೆಗೆಯಬೇಕು, ದೀಪದ ಗೆರೆಗಳಿಗೆ ಹೋಲಿಸಿ ತರಂಗಾಂತರ ಗುರುತಿಸಬೇಕು. ಒಂದು ಗೆರೆ ಸರಿಯಾಗಿ ಕೂತರೆ ಆಗುತ್ತಿದ್ದ ಖುಷಿ ಈಗಲೂ ಮರೆತಿಲ್ಲ. ನಾಲ್ಕನೇ ವರ್ಷ ಆ ಕೆಲಸದ ಪ್ರಬಂಧ ಅಚ್ಚಾಯಿತು. ಲೇಖಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಕೊನೆಯ ಕೃತಜ್ಞತೆಯ ಸಾಲಿನಲ್ಲಿತ್ತು. ಕೇಳಿದ್ದಕ್ಕೆ ನನ್ನ ಮಾರ್ಗದರ್ಶಕರು 'ನಿನ್ನ ಥೀಸಿಸ್‌ಗೆ ಬೇರೆ ವಿಷಯ ಇದೆಯಲ್ಲ' ಅಂದರು. ಆ ಬೇರೆ ವಿಷಯಕ್ಕೆ ಬೇಕಾದ ದೂರದರ್ಶಕದ ಸಮಯ ಕೊನೆವರೆಗೂ ಸಿಗಲಿಲ್ಲ. ಐದು ವರ್ಷಕ್ಕೆ ಫೆಲೋಶಿಪ್ ನಿಂತಿತು. ಹೇಳಿಕೊಳ್ಳಲು ಒಂದು ಸಮಿತಿ ಇತ್ತು, ಅದರಲ್ಲಿ ಅವರ ಸ್ನೇಹಿತರೇ ಇದ್ದರು. ನಾನು ಹೊರಗೆ ಬಂದೆ.

ವಿಜ್ಞಾನಿ ಅಣ್ಣಾ ಮಣಿಯವರ ಹೆಸರು ಹೇಳಿ ನನಗೆ ಸಮಾಧಾನ ಮಾಡಿದವರಿದ್ದಾರೆ. ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಮೇಲೆ ಕೆಲಸ ಮಾಡಿ ಅವರು ಬರೆದ ಪ್ರಬಂಧಕ್ಕೆ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಆದರೂ ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೊಡ್ಡ ಹೆಸರಾದರು, ನಿಜ. ಆದರೆ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಅನ್ನುವುದು ಅದರಿಂದ ಅಳಿಸಿಹೋಗುವುದಿಲ್ಲ. ಸಮಾಧಾನ ಹೇಳುವವರು ಇದನ್ನು ಯಾಕೆ ಬಿಟ್ಟುಬಿಡುತ್ತಾರೋ.

ಇದನ್ನೆಲ್ಲ ಬರೆದದ್ದು ಅರ್ಜಿ ಹಾಕಬೇಡಿ ಅನ್ನಲಿಕ್ಕಲ್ಲ. ನಮ್ಮ ಕಾಲದಲ್ಲಿ ಯಾರೂ ಹೇಳದಿದ್ದನ್ನು ನೀವು ಈಗಲೇ ತಿಳಿದಿರಲಿ ಅಂತ. ಮಾರ್ಗದರ್ಶಕರ ಹೆಸರನ್ನು ಎಡಿಎಸ್ ಎಂಬ ಖಗೋಳ ಪ್ರಬಂಧಗಳ ಉಚಿತ ಜಾಲಭಂಡಾರದಲ್ಲಿ ಹಾಕಿ ನೋಡಿ. ಅವರ ಪ್ರಬಂಧಗಳಲ್ಲಿ ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದಾರಾ? ಸಂದರ್ಶನಕ್ಕೆ ಹೋದ ದಿನ ಕ್ಯಾಂಟೀನಿನಲ್ಲಿ ಹಿರಿಯ ವಿದ್ಯಾರ್ಥಿಗಳ ಪಕ್ಕ ಕೂತು ಕೇಳಿ: ಇವರ ಬಳಿ ಥೀಸಿಸ್ ಕೊಡಲು ಎಷ್ಟು ವರ್ಷ ಹಿಡಿಯುತ್ತೆ? ಮಧ್ಯದಲ್ಲಿ ಬಿಟ್ಟು ಹೋದವರು ಯಾರು? ಮಾರ್ಗದರ್ಶಕರನ್ನು ಬದಲಿಸಿದವರು ಇದ್ದಾರಾ? ನಾಚಿಕೆ ಪಡಬೇಡಿ. ಆಯ್ಕೆ ಅವರದಷ್ಟೇ ಅಲ್ಲ, ನಿಮ್ಮದೂ ಹೌದು.
— ಪಿಯು ಕಾಲೇಜು ಉಪನ್ಯಾಸಕಿ, ಹಾಸನ

*

ಹೊರದೇಶಗಳ ಬಗ್ಗೆಯೂ ಹಲವರು ಬರೆದಿದ್ದಾರೆ. ಅವುಗಳಲ್ಲಿ ಒಂದು:

*

ಭಾರತಕ್ಕೆ ಮಾತ್ರ ಯಾಕೆ? ಇಲ್ಲಿ ಜರ್ಮನಿಯಲ್ಲಿ ಪಿಎಚ್.ಡಿ. ಅಂದರೆ ಹೆಚ್ಚಾಗಿ ಸಂಬಳದ ಹುದ್ದೆ, ಜಾಹೀರಾತು ನೋಡಿ ಅರ್ಜಿ ಹಾಕುವುದು. ಅಮೆರಿಕಕ್ಕಾದರೆ ಬಹುಪಾಲು ಕಡೆ ಡಿಸೆಂಬರ್ ಸುಮಾರಿಗೆ ಗಡುವು, ಅರ್ಜಿಗೊಂದು ಶುಲ್ಕ. ಕೇಳಿದರೆ ಅದನ್ನು ಮಾಫಿ ಮಾಡುವ ವಿಶ್ವವಿದ್ಯಾಲಯಗಳೂ ಇವೆ. ಎಲ್ಲಕ್ಕಿಂತ ತೂಕದ್ದು ಶಿಫಾರಸು ಪತ್ರ. 'ನೀನೇ ಬರ್ಕೊಂಡು ಬಾರಮ್ಮ, ಸಹಿ ಹಾಕ್ತೀನಿ' ಅನ್ನುವ ಮೇಷ್ಟ್ರ ಹತ್ತಿರ ಹೋಗಬೇಡಿ. ನಿಮ್ಮ ಪ್ರಾಜೆಕ್ಟ್ ಕೆಲಸ ಕಣ್ಣಾರೆ ಕಂಡವರು ನಾಲ್ಕು ಸಾಲು ಬರೆದರೂ ಸಾಕು.
— ಸಂಶೋಧಕಿ, ಹೈಡೆಲ್‌ಬರ್ಗ್

*

ಕೊನೆಗೆ, ಬಹಳ ಚಿಕ್ಕದೊಂದು ಪತ್ರ.

*

ಬಿ.ಎಡ್.ಗೆ ಮುಂದೆಯೂ ಸೇರಬಹುದು. ಭೌತಶಾಸ್ತ್ರದ ಕೈ ಬಿಟ್ಟು ಎರಡು ವರ್ಷವಾದರೆ ಹಿಡಿಯುವುದು ಕಷ್ಟ, ಆದ್ದರಿಂದ ಅರ್ಜಿ ಈ ವರ್ಷವೇ ಹಾಕಿ. ನಾನು ನಿವೃತ್ತ, ಭಾನುವಾರ ಬಿಡುವಿರುತ್ತದೆ. ಒಪ್ಪಿಗೆಯಾದರೆ ಫೋನಿನಲ್ಲಿ ವಾರಕ್ಕೊಂದು ಗಂಟೆ ಸಂದರ್ಶನದ ಥರ ಪ್ರಶ್ನೆ ಕೇಳುತ್ತೇನೆ. ಮೊದಲ ತಿಂಗಳು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.
— ನಿವೃತ್ತ ಪ್ರಾಧ್ಯಾಪಕ, ಧಾರವಾಡ

*

ಇವರ ಒಪ್ಪಿಗೆ ಪಡೆದು ಫೋನ್ ನಂಬರನ್ನು ಚಿತ್ರದುರ್ಗದ ಓದುಗರಿಗೆ ತಲುಪಿಸಿದ್ದೇವೆ. ಬಾಗಲಕೋಟೆಯ ಪತ್ರದ ಪ್ರತಿಯನ್ನು ಅವರ ತಂದೆಯವರ ಹೆಸರಿಗೆ ಬೇರೆಯಾಗಿ ಅಂಚೆಯಲ್ಲಿ ಕಳಿಸಿದ್ದೇವೆ.